ತಲೆಕೆಳಗೆ ನಿಂತ ಆನೆ

ತಿಪಟೂರಿನ ತಾಲ್ಲೂಕು ಬ್ಲಿಟ್ಜ್ ಚೆಸ್ ಪಂದ್ಯಾವಳಿಯಲ್ಲಿ ಕೊನೆಗೆ ಉಳಿದವರು ಇಬ್ಬರು. ಶಾಲೆಯಿಂದ ನಿವೃತ್ತಳಾದ ನಾನು, ನನ್ನ ಬ್ಲೌಸುಗಳನ್ನು ಹೊಲಿಯುವ ಟೈಲರ್ ಭಾಯ್. ಜಿಲ್ಲೆಗೆ ಹೋಗುವ ತಂಡದಲ್ಲಿ ಒಂದೇ ಜಾಗ ಖಾಲಿ ಇತ್ತು. ನಾವಿಬ್ಬರೂ ಅದುವರೆಗೆ ತಾಲ್ಲೂಕು ದಾಟಿ ಆಡಿದವರಲ್ಲ.

ಕೊನೆಯ ಆಟದ ದಿನ ಎಂದಿನಂತೆ ಬೆಳಕು ಹರಿಯುವ ಮುಂಚೆ ಎದ್ದು, ಹಾಲ್ಕುರಿಕೆಯಿಂದ ಮೊದಲ ಬಸ್ಸಿಗೆ ಬಂದು, ಕಾಯಿಗಳನ್ನು ಮನೆಗಳ ನಟ್ಟನಡುವೆ ಸರಿಪಡಿಸಿ ಕುಳಿತೆ. ಭಾಯ್ ಕೊನೆ ಗಳಿಗೆಯಲ್ಲಿ ಓಡಿ ಬಂದರು. ಕೊರಳಲ್ಲಿ ಅಳತೆ ಟೇಪು ಹಾಗೇ ಇತ್ತು.

"ಮೇಡಂ, ನಿಮ್ ಬ್ಲೌಸು ಇನ್ನ ಅಂಗಡೀಲೈತೆ. ನೋಡ್ಕಂಡು ಆಡಿ."

"ಬೇಗ ಹೊಲ್ದುಕೊಡಿ ಭಾಯ್. ಜಿಲ್ಲೆಗೆ ಹಾಕ್ಕಂಡು ಹೋಗ್ಬೇಕು."

ಬ್ಲಿಟ್ಜ್ ಅಂದರೆ ಇಡೀ ಆಟಕ್ಕೆ ತಲಾ ಮೂರು ನಿಮಿಷ. ನಡೆ, ಗಡಿಯಾರದ ಗುಂಡಿ, ಮತ್ತೆ ಕೈ ಮಡಿಲಿಗೆ. ಇದು ನನ್ನ ಕ್ರಮ. ಭಾಯ್ ಬಟ್ಟೆ ಕತ್ತರಿಸಿದ ಹಾಗೆ ಸರಸರ ಆಡುತ್ತಾರೆ. ಇಬ್ಬರಿಗೂ ಕೆಲವೇ ಸೆಕೆಂಡು ಉಳಿದಾಗ ಅವರ ಪಾನ್, ಅಂದರೆ ಕಾಲಾಳು, ಕೊನೆಯ ಸಾಲು ಮುಟ್ಟಿತು. ಅಲ್ಲಿ ಅದನ್ನು ತೆಗೆದು ರಾಣಿಯನ್ನು ಇಡಬೇಕು. ಅವರು ಕೈಗೆ ಸಿಕ್ಕ ಆನೆಯನ್ನು ತಲೆಕೆಳಗೆ ನಿಲ್ಲಿಸಿ ಗುಂಡಿ ಒತ್ತಿದರು.

ಭಾನುವಾರ ಅವರ ಅಂಗಡಿಯಲ್ಲಿ ಆಡುವಾಗ ಎಲ್ಲರೂ ಮಾಡುವುದು ಹಾಗೆಯೇ. ತಲೆಕೆಳಗಾದ ಆನೆ ಎಂದರೆ ರಾಣಿ. ಪಂದ್ಯಾವಳಿಯ ನಿಯಮದಲ್ಲಿ ಅದು ಹೇಗೆ ನಿಂತರೂ ಆನೆಯೇ. ನಾನು ಆನೆಯೆಂದೇ ಲೆಕ್ಕ ಹಾಕಿ ನನ್ನ ಪಾನನ್ನು ಮುಂದಕ್ಕೆ ತಳ್ಳಿದೆ. ಇನ್ನೊಂದೇ ಮನೆ ದಾಟಿದರೆ ಅದೂ ರಾಣಿ. ಭಾಯ್ ಆ ಆನೆಯನ್ನು ಹಲಗೆಯ ಉದ್ದಕ್ಕೂ ಓರೆಯಾಗಿ ಎಳೆದು ನನ್ನ ಪಾನನ್ನು ಹೊಡೆದು ಗುಂಡಿ ಒತ್ತಿದರು.

ನಾನು ಗಡಿಯಾರ ನಿಲ್ಲಿಸಿ, ತೀರ್ಪು ಕೊಡುವ ಆರ್ಬಿಟರ್ ಅವರನ್ನು ಕರೆಯಲು ಕೈ ಎತ್ತಿದೆ.

"ಇದೇನ್ ಮೇಡಂ? ಅದು ರಾಣಿ ಕಣ್ರೀ!"

"ಆನೆ ಓರೆಯಾಗಿ ನಡೆಯಲ್ಲ ಭಾಯ್."

"ಅಂಗಡೀಲಿ ನೀವೇ ಹಿಂಗಿಕ್ತೀರಲ್ರೀ! ಹೋದ್ವಾರ ಹಿಂಗೇ ನನ್ನ ಸೋಲುಸ್ಲಿಲ್ವಾ?"

"ಅಂಗಡೀಲಿ ನೀವು ಟೀನೂ ಕೊಡ್ತೀರ. ಇಲ್ಲಿ ಯಾರ್ ಕೊಟ್ರು?"

ಸುತ್ತ ನಿಂತವರು ನಕ್ಕರು. ಆರ್ಬಿಟರ್ ನಗಲಿಲ್ಲ. ನನ್ನ ಪಾನನ್ನೂ ಅವರ ಆನೆಯನ್ನೂ ಹಿಂದಿನ ಮನೆಗಳಲ್ಲಿಟ್ಟು, ನನಗೆ ಒಂದು ನಿಮಿಷ ಹೆಚ್ಚಿಗೆ ಕೊಟ್ಟು, ಮುಟ್ಟಿದ ಆನೆಯನ್ನೇ ಆಡಬೇಕೆಂದು ಭಾಯ್‌ಗೆ ಹೇಳಿದರು. ಆನೆಯ ದಾರಿಗೆ ಎರಡೂ ಕಡೆ ಅವರವೇ ಕಾಯಿಗಳು ಅಡ್ಡ ಇದ್ದವು. ಅದರಿಂದ ನನ್ನ ಪಾನನ್ನು ತಡೆಯಲಾಗಲಿಲ್ಲ. ಮುಂದಿನ ನಡೆಯಲ್ಲಿ ನಾನು ನಿಜವಾದ ರಾಣಿಯನ್ನು ಎತ್ತಿಟ್ಟೆ. ಸ್ವಲ್ಪ ಹೊತ್ತಿನಲ್ಲೇ ಅವರ ಸಮಯ ಮುಗಿದು ನಾನು ಗೆದ್ದೆ.

ಸ್ನೇಹಿತನ ವಿರುದ್ಧ ಕೈ ಎತ್ತಬಾರದಿತ್ತು ಎಂದು ಒಂದಿಬ್ಬರು ಗೊಣಗಿದರು. ನನಗೇನೂ ಹಾಗೆ ಅನ್ನಿಸಲಿಲ್ಲ. ಆ ಜಾಗ ನಾನು ಆಡಿ ಪಡೆದದ್ದು.

ಭಾಯ್ ಮುಖ ಗಂಟು ಹಾಕಿಕೊಂಡೇ ಕೈ ಕುಲುಕಿದರು. "ಜಿಲ್ಲೇಲೂ ಹಿಂಗೇ ಕೈ ಎತ್ಬೇಕು ಮೇಡಂ. ನಂಗೊಬ್ಬಂಗೇ ಅಂದ್ರೆ ನಾನ್ ಬುಡಲ್ಲ."

"ಎತ್ದೆ ಇರ್ತೀನಾ?" ಎಂದೆ.