ಮೊಟ್ಟೆಯ ಹಳದಿ

ಡರ್ಹಮ್‌ನಲ್ಲಿ ಓದುವಾಗ ನಾನು ಬಾಡಿಗೆಗಿದ್ದ ಮನೆಯ ಆಂಟಿ ಗ್ರೀಕ್ ಚರ್ಚಿನ ತರಗತಿಯೊಂದರಲ್ಲಿ ಐಕಾನ್ ಎಂಬ ಪೂಜಾಚಿತ್ರ ಬರೆಯಲು ಕಲಿತಿದ್ದರು. ಬೈಜಾಂಟೈನ್ ಕಾಲದ, ಹೆಸರೂ ಉಳಿಯದ ಒಬ್ಬ ಚಿತ್ರಕಾರ ಬರೆದಿದ್ದ ಮೇರಿಮಾತೆಯನ್ನು ಮರದ ಹಲಗೆಯ ಮೇಲೆ ಮತ್ತೆ ಬರೆಯುತ್ತಿದ್ದರು. ಬಣ್ಣವನ್ನು ಅವನಂತೆಯೇ ಮೊಟ್ಟೆಯ ಹಳದಿಯಲ್ಲಿ ಕಲಸಬೇಕು. ಆ ಮನೆಯ ಅಡುಗೆಮನೆಗೆ ಮೊಟ್ಟೆ ಬರುವಂತಿರಲಿಲ್ಲ. ಆದ್ದರಿಂದ ಗ್ಯಾರೇಜಿನಲ್ಲಿ ಕೂರುತ್ತಿದ್ದರು. ಮುಖಕ್ಕೆ ಮೊದಲು ಕಡುಹಸಿರು ಬಳಿಯುವುದು ಕ್ರಮ. ನೋಡಿದವರು ಮುಖ ಸಿಂಡರಿಸಿದರೆ, "ತಡೀರಿ, ಬೆಳಕು ಆಮೇಲೆ ಬರತ್ತೆ" ಎನ್ನುತ್ತಿದ್ದರು.

ಸತ್ಯನಾರಾಯಣ ಪೂಜೆಯ ದಿನ ಆಂಟಿಯೂ ನಾನೂ ಹೂವು ತಂದು ಗ್ಯಾರೇಜಿಗೆ ಹೋಗಿ ನೋಡಿದರೆ ಹಲಗೆಯ ಮೇಲೆ ಮುಖವೇ ಇರಲಿಲ್ಲ. ಆಂಟಿಯ ಗಂಡ, ಅಂಕಲ್, ಒದ್ದೆ ಬಟ್ಟೆಯಿಂದ ಒರೆಸಿಹಾಕಿದ್ದರು.

"ಸ್ಮೆಲ್ ಬರ್ತಿತ್ತು ಕಣೇ, ಗೆಸ್ಟ್ಸ್ ಬರ್ತಾರೆ. ಇನ್ನೊಂದ್ಸಲ ಪೇಂಟ್ ಮಾಡ್ಕೋ. ಹಸಿರು ಮೂತಿ ತಾನೇ!" ಎಂದು ನಕ್ಕರು.

ಆ ನಗು ನೆನೆದರೆ ಈಗಲೂ ನನ್ನ ಮೈ ಉರಿಯುತ್ತದೆ. ಆಂಟಿ ಮೊಟ್ಟೆಯ ಡಬ್ಬಿ ಎತ್ತಿಕೊಂಡು ನೇರವಾಗಿ ಅಡುಗೆಮನೆಗೆ ನಡೆದರು. ಪ್ರಸಾದಕ್ಕೆಂದು ರವೆ ಹುರಿದಿಟ್ಟಿದ್ದ ಬಾಣಲೆಯ ಪಕ್ಕದಲ್ಲೇ ಒಂದು ಮೊಟ್ಟೆ ಒಡೆದರು.

"ಏಯ್, ಏನ್ ಮಾಡ್ತಿದ್ದೀಯಾ? ಪ್ರಸಾದ ಇದೆ ಅಲ್ಲಿ!"

"ಪೇಂಟ್ ಮಾಡ್ಕೋ ಅಂದ್ರಲ್ಲ," ಎಂದರು ಆಂಟಿ, ಹಳದಿಯನ್ನು ಅಂಗೈಗೆ ಹಾಕಿಕೊಳ್ಳುತ್ತ. "ಇನ್ಮೇಲೆ ಇಲ್ಲೇ ಮಾಡ್ಕೋತೀನಿ."