ದಹಬೊ ಅಜ್ಜಿಯ ಹೆಸರು, ಸಗಲಳ ಹೊಗೆ

ಬೆಳಗಿನ ಐದು ಗಂಟೆ. ನೈರೋಬಿಯ ಈಸ್ಟ್‌ಲೀಯ ಓಣಿಯೊಂದರಲ್ಲಿ ಇಪ್ಪತ್ತೊಂದರ ಸಗಲ್ ನೂರ್, ಉರಿಯುವ ಕಟ್ಟಿಗೆಯ ತುದಿಯನ್ನು ಖಾಲಿ ಹಾಲಿನ ಕ್ಯಾನಿನೊಳಗೆ ಇಳಿಸಿ, ಒಮ್ಮೆ ತಿರುಗಿಸಿ, ತೆಗೆದು, ಮುಚ್ಚಳ ಬಿಗಿಯುತ್ತಾಳೆ. ಒಳಗೆ ಹೊಗೆ ಕೂರಬೇಕು, ಮಸಿ ಕೂರಬಾರದು. ಹೀಗೆ ಹದಿನೆಂಟು ಕ್ಯಾನು. ಇಸಿಯೊಲೊ ಕಡೆಯಿಂದ ಬಸ್ಸಿನಲ್ಲಿ ಬರುವ ತೊಂಬತ್ತು ಲೀಟರ್ ಒಂಟೆಹಾಲಿಗೆ ರುಚಿಯನ್ನೂ ಬಾಳಿಕೆಯನ್ನೂ ಕೊಡುವುದು ಈ ಹೊಗೆ.

ಆಕೆ ಹುಟ್ಟಿದ್ದು ದದಾಬಿನ ನಿರಾಶ್ರಿತರ ಶಿಬಿರದಲ್ಲಿ. ಸೊಮಾಲಿಯಾವನ್ನು ಕಂಡಿಲ್ಲ, ಕೀನ್ಯಾದ ಪೌರತ್ವವೂ ಇಲ್ಲ. ಸ್ವಾಹಿಲಿ ಬೆರೆತ ಅವಳ ಸೊಮಾಲಿಯನ್ನು ಕೇಳಿ ಹಿರಿಯರು ‘ಸಿಜುಯಿ’ ಎಂದು ಹಂಗಿಸುತ್ತಾರೆ; ಸ್ವಾಹಿಲಿಯಲ್ಲಿ ಹಾಗೆಂದರೆ ‘ನನಗೆ ಗೊತ್ತಿಲ್ಲ’.

"ಶಾಲೇಲಿ ನಾನು ಸೊಮಾಲಿ, ಇಲ್ಲಿ ಸಿಜುಯಿ. ಕ್ಯಾನ್ ಮಾತ್ರ ಏನೂ ಕೇಳಲ್ಲ," ಎಂದು ನನಗೆ ಹೇಳುತ್ತಾಳೆ ಸಗಲ್.

ಈ ಹಾಲಿನಂಗಡಿ ನಡೆಯುವುದು ಅಜ್ಜಿ ದಹಬೊ ಅವರ ಹೆಸರಿನ ಮೇಲೆ. ಎರಡು ವರ್ಷದ ಹಿಂದಿನ ಜ್ವರದಲ್ಲಿ ಅವರ ಮೂಗು ವಾಸನೆ ಹಿಡಿಯುವುದನ್ನು ನಿಲ್ಲಿಸಿತು. ಅಂದಿನಿಂದ ಹೊಗೆ ಹಾಕುವವಳು ಮೊಮ್ಮಗಳೇ. ಗಿರಾಕಿಗಳಿಗೆ ಇದು ತಿಳಿಯದು. ತಿಳಿದರೆ ಎದುರಿನ ಅಂಗಡಿಗೆ ಹೋದಾರೆಂಬ ಅಂಜಿಕೆ ಇಬ್ಬರಿಗೂ ಇದೆ. ಮನೆಯ ಏಳು ಮಂದಿಯ ಊಟ ಈ ಹಾಲಿನಿಂದಲೇ.

ಏಳು ಗಂಟೆಗೆ ಗೂಲೇದ್ ಬರುತ್ತಾರೆ. ಹಿಂದೆ ಲಾರಿ ಓಡಿಸುತ್ತಿದ್ದವರು, ಈಗ ಓಣಿಗೆಲ್ಲ ‘ಅದೇರ್’, ಅಂದರೆ ಚಿಕ್ಕಪ್ಪ. ಅರ್ಧ ಲೋಟ ಕುಡಿದು, ಪಕ್ಕದಲ್ಲಿ ಜಪಮಾಲೆ ಎಣಿಸುತ್ತ ಕೂತ ಅಜ್ಜಿಯತ್ತ ತಲೆದೂಗುತ್ತಾರೆ.

"ದಹಬೊ ಅಕ್ಕ, ಕೈ ಅಂದ್ರೆ ಇದು. ಈ ಸಿಜುಯಿ ಹುಡ್ಗೀರು ಹೊಗೆ ಹಾಕಿದ್ರೆ ಟೈರ್ ಸುಟ್ಟ ವಾಸ್ನೆ ಬರುತ್ತೆ."

"ಟೈರ್ ವಾಸ್ನೆ ನಿಮಗೇ ಚೆನ್ನಾಗಿ ಗೊತ್ತಲ್ವಾ, ಅದೇರ್," ಎನ್ನುತ್ತಾಳೆ ಸಗಲ್, ತಲೆ ಎತ್ತದೆ.

ಅಜ್ಜಿಯ ಜಪಮಾಲೆ ನಿಲ್ಲುತ್ತದೆ. "ಗೂಲೇದ್, ನನ್ ಮೂಗು ಸತ್ತು ಎರಡು ವರ್ಷ ಆಯ್ತು. ಅಷ್ಟು ದಿನಾನೂ ನೀನು ಕುಡಿದಿದ್ದು ಇವಳ ಹೊಗೇನೇ."

ಹಾಲಿಗೆಂದು ಸಾಲಿನಲ್ಲಿದ್ದ ನಾಲ್ವರೂ ಗೂಲೇದರತ್ತ ತಿರುಗುತ್ತಾರೆ. ಸಗಲಳ ಕೈಯಲ್ಲಿ ಅಳತೆಯ ಪಾತ್ರೆ ಹಾಗೆಯೇ ಇದೆ. ಗೂಲೇದ್ ಲೋಟವನ್ನು ಮೂಗಿನ ಬಳಿಗೆ ತಂದು ಮೂಸುತ್ತಾರೆ. ಉಳಿದದ್ದನ್ನು ನಿಧಾನವಾಗಿ ಕುಡಿಯುತ್ತಾರೆ.

"ಹಂಗಾದ್ರೆ ಕೇಳು, ಹುಡುಗಿ. ಶುಕ್ರವಾರದ ಹಾಲಲ್ಲಿ ಹೊಗೆ ಜಾಸ್ತಿ ಇತ್ತು. ಅಕ್ಕನ ಮುಖ ನೋಡಿ ಸುಮ್ನಿದ್ದೆ. ಇನ್ಮೇಲೆ ಸುಮ್ನಿರಲ್ಲ."

ಹಾಗೆಂದು ತಮ್ಮ ಡಬ್ಬಿಯನ್ನು ಮುಂದಿಡುತ್ತಾರೆ, ಎಂದಿನ ಎರಡು ಲೀಟರಿಗೆ. ಅವರ ಹಿಂದಿನ ಹೆಂಗಸೂ ಡಬ್ಬಿಯ ಮುಚ್ಚಳ ತೆಗೆಯುತ್ತಾಳೆ.

ಸಾಲು ಕರಗಿದ ಮೇಲೆ, ಬೇಸರವಾಯಿತೇ ಎಂದು ಸಗಲಳನ್ನು ನಾನು ಕೇಳುತ್ತೇನೆ.

"ಹೊಗಳಿಕೆ ಎಲ್ಲಾ ಅಜ್ಜಿಗೇ ಹೋಗ್ತಿತ್ತು. ಬೈಗುಳ ಆದ್ರೂ ಇವತ್ತು ನಂಗೇ ಅಂತ ಬಂತು," ಎಂದು ಆಕೆ ಕ್ಯಾನು ತೊಳೆಯಲು ಕೂರುತ್ತಾಳೆ. "ಶುಕ್ರವಾರ ಜಾಸ್ತಿ ಆಗಿತ್ತು. ನಂಗೂ ಗೊತ್ತಿತ್ತು."