ಬಸವಣ್ಣೆವ್ವ ಎರವಲು ಕೊಟ್ಟ ಕನ್ನಡಕಗಳು

ಐರಣಿಯಿಂದ ಹೊಳೆಯ ದಂಡೆ ಹಿಡಿದು ಒಂದು ತಾಸು ನಡೆದರೆ ಹೊಳೆಮಲ್ಲಾಪುರ. ಅಲ್ಲಿನ ಪಂಚಾಯತಿ ಗ್ರಂಥಾಲಯದ ಬಾಗಿಲನ್ನು ಇಪ್ಪತ್ತೆರಡು ವರ್ಷಗಳಿಂದ ತೆರೆಯುತ್ತ ಬಂದವಳು ಬಸವಣ್ಣೆವ್ವ. ಕಾಗಿನೆಲೆ ಕಡೆಯ ರೈತರ ಮನೆಯ ಹುಡುಗಿ. ಪಿಯುಸಿ ಮುಗಿಸಿದ ವರ್ಷವೇ ಮದುವೆಯಾಗಿ ಈ ಊರಿಗೆ ಬಂದಳು. ಗಂಡ ನಾಗಪ್ಪನದು ಹಿಟ್ಟಿನ ಗಿರಣಿ. ಗ್ರಂಥಾಲಯಕ್ಕೆ ಮೇಲ್ವಿಚಾರಕರು ಬೇಕು ಎಂದು ಪಂಚಾಯತಿಯವರು ಡಂಗುರ ಸಾರಿದಾಗ ಅರ್ಜಿ ಹಾಕಿದ್ದು ಇವಳೊಬ್ಬಳೇ.

ಮೊದಲ ಆರು ತಿಂಗಳು ಒಬ್ಬ ಹೆಂಗಸೂ ಒಳಗೆ ಕಾಲಿಡಲಿಲ್ಲ. ಗಂಡಸರು ಬೆಂಚಿನ ಮೇಲೆ ಕಾಲು ಚಾಚಿ ಪೇಪರು ಓದುವ ಕೋಣೆಗೆ ಯಾವ ಸೊಸೆ ಬಂದಾಳು? ಬಸವಣ್ಣೆವ್ವ ಅದಕ್ಕಾಗಿ ಯಾರೊಡನೆಯೂ ವಾದಕ್ಕೆ ನಿಲ್ಲಲಿಲ್ಲ. ಇಪ್ಪತ್ತು ಪುಸ್ತಕ ಚೀಲಕ್ಕೆ ತುಂಬಿಕೊಂಡು ಹೋಗಿ ಗಂಡನ ಗಿರಣಿಯಲ್ಲಿ ಜೋಳದ ಮೂಟೆಗಳ ಮೇಲೆ ಹರಡಿಟ್ಟಳು. ಹಿಟ್ಟು ಬೀಸಿಸಲು ಬಂದ ಹೆಂಗಸರು ಪಾಳಿ ಬರುವವರೆಗೆ ಸುಮ್ಮನೆ ಕೂರಬೇಕಲ್ಲ. ಒಬ್ಬಳು ಪುಸ್ತಕ ಕೈಗೆತ್ತಿಕೊಂಡಳು, ಇನ್ನೊಬ್ಬಳು ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಮನೆಗೆ ಒಯ್ದಳು. ಹಿಟ್ಟಿನ ಡಬ್ಬಿಯ ಜೊತೆ ಪುಸ್ತಕ ಹೋಗುವುದು, ಮುಂದಿನ ವಾರದ ಡಬ್ಬಿಯ ಜೊತೆ ತಿರುಗಿ ಬರುವುದು ಹೀಗೆ ರೂಢಿಯಾಯಿತು. ಆ ಕಾಲದ ಪುಸ್ತಕಗಳನ್ನು ಈಗಲೂ ಬಿಡಿಸಿದರೆ ಹೊಲಿಗೆಯ ಸಂದಿಯಲ್ಲಿ ಬಿಳಿ ಹಿಟ್ಟು ಸಿಗುತ್ತದೆ.

ಇಂಥ ಬಸವಣ್ಣೆವ್ವನಿಗೆ ನಲವತ್ನಾಲ್ಕು ದಾಟುವಾಗ ಅಕ್ಷರ ಕಾಣದಾಯಿತು.

ಮೊದಮೊದಲು ಪುಸ್ತಕವನ್ನು ತುಸು ದೂರ ಹಿಡಿದರೆ ಸಾಕಾಗುತ್ತಿತ್ತು. ಆಮೇಲೆ ತೋಳು ಚಾಚಿದರೂ ಸಾಲದು. ಸಾಲುಗಳು ಇರುವೆಯಂತೆ ಹರಿದಾಡುತ್ತಿದ್ದವು. ಅವಳು ಯಾರಿಗೂ ಹೇಳಲಿಲ್ಲ, ಗಂಡನಿಗೂ ಹೇಳಲಿಲ್ಲ. ಅವಳ ಅವ್ವನ ಕಣ್ಣುಗಳು ಐವತ್ತೈದರ ಹೊತ್ತಿಗೆ ಬೆಳ್ಳಗಾಗಿ ಪೂರ್ತಿ ಹೋಗಿದ್ದವು. ಕೊನೆಯ ಹತ್ತು ವರ್ಷ ಆ ಹೆಣ್ಣುಮಗಳು ಪಡಸಾಲೆಯ ಕಂಬಕ್ಕೆ ಒರಗಿ ಕೂತು, ಬಂದವರನ್ನು ಹೆಜ್ಜೆ ಸಪ್ಪಳದಿಂದ ಗುರುತಿಸುತ್ತ ದಿನ ಕಳೆದಿದ್ದಳು. ಈಗ ನನ್ನ ಪಾಳಿ ಬಂತು ಎಂದುಕೊಂಡಳು ಬಸವಣ್ಣೆವ್ವ. ಕಣ್ಣಿಲ್ಲದವಳ ಕೈಯಲ್ಲಿ ಗ್ರಂಥಾಲಯದ ಕೀಲಿಕೈ ಯಾರು ಬಿಟ್ಟಾರು ಎಂಬ ಭಯ ಬೇರೆ.

ಹಾಗಾಗಿ ಉಪಾಯ ಹುಡುಕಿಕೊಂಡಳು. ಪುಸ್ತಕಗಳನ್ನು ರಟ್ಟಿನ ಬಣ್ಣದಿಂದ, ದಪ್ಪದಿಂದ ಗುರುತಿಸತೊಡಗಿದಳು. ಬೆಳಗ್ಗೆ ಪೇಪರು ಬಂದರೆ, "ನೀವ ದೊಡ್ಡ ದನಿಲೆ ಓದ್ರಿ, ಎಲ್ಲಾರೂ ಕೇಳೂಣು" ಎಂದು ಹಿರಿಯರ ಕೈಗೆ ಕೊಡುತ್ತಿದ್ದಳು. ಎರವಲು ರಿಜಿಸ್ಟರಿನಲ್ಲಿ ಒಯ್ಯುವವರಿಂದಲೇ ಹೆಸರು ಬರೆಸುತ್ತಿದ್ದಳು. ಹೀಗೆ ಒಂದು ವರ್ಷ ಸಾಗಿತು.

ಏಪ್ರಿಲ್‌ನಲ್ಲಿ ಶಾಲೆ ಬಿಟ್ಟ ಕೂಡಲೇ ಗ್ರಂಥಾಲಯದಲ್ಲಿ ಬೇಸಿಗೆ ಶಿಬಿರ ಶುರುವಾಯಿತು. ಬೆಳಗ್ಗೆ ಎಂಟರಿಂದ ಹನ್ನೊಂದರವರೆಗೆ ಕಥೆ, ಚಿತ್ರ, ಚದುರಂಗ. ಮೂವತ್ತು ಮಕ್ಕಳು. ಬಸವಣ್ಣೆವ್ವನೇ ಯೋಚಿಸಿ ಒಂದು ಮನೆಗೆಲಸವನ್ನೂ ಇಟ್ಟಿದ್ದಳು. ಪ್ರತಿಯೊಂದು ಮಗುವೂ ದಿನಕ್ಕೊಂದು ತೆಳು ಪುಸ್ತಕ ಮನೆಗೆ ಒಯ್ಯಬೇಕು, ಮನೆಯ ಹಿರಿಯರೊಬ್ಬರು ಅದನ್ನು ಮಗುವಿಗೆ ಓದಿ ಹೇಳಬೇಕು, ಮಗು ಮರುದಿನ ಬಂದು ಆ ಕಥೆ ಹೇಳಬೇಕು. ಆದರೆ ಮೂರು ದಿನವಾದರೂ ಅರ್ಧಕ್ಕರ್ಧ ಮಕ್ಕಳು ಕಥೆ ಇಲ್ಲದೆ ಬರುತ್ತಿದ್ದರು. ನಾಲ್ಕನೆಯ ಇಯತ್ತೆಯ ಮುಸ್ಕಾನ್ ಎಂಬ ಹುಡುಗಿಯಂತೂ ಮೂರೂ ದಿನ ಒಂದೇ ಪುಸ್ತಕ ಒಯ್ದು ಒಂದೇ ಪುಸ್ತಕ ತಂದಳು. ಮನೆಯವರಿಗೆ ಉಮೇದಿಲ್ಲ ಎಂದು ಬಸವಣ್ಣೆವ್ವ ಒಳಗೊಳಗೇ ಬೇಸರಪಟ್ಟಳು.

ನಾಲ್ಕನೆಯ ದಿನ ಮಕ್ಕಳನ್ನು ಸುತ್ತ ಕೂರಿಸಿಕೊಂಡು ತಾನೇ ಕಥೆ ಓದಲು ಕೂತಳು. ಮೊಸಳೆಯೊಂದು ಹಲ್ಲುನೋವಿನಿಂದ ವೈದ್ಯರ ಮನೆ ಹುಡುಕುವ ಕಥೆ. ಚಿತ್ರಗಳು ದೊಡ್ಡವು, ಅಕ್ಷರ ಸಣ್ಣವು. ಚಿತ್ರ ನೋಡುತ್ತ, ಪುಟ ತಿರುವುತ್ತ, ಕಣ್ಣಿಗೆ ಬಿದ್ದದ್ದನ್ನು ಕಥೆಯಾಗಿ ಕಟ್ಟುತ್ತ ಹೋದಳು. ಮಕ್ಕಳು ನಗುತ್ತಿದ್ದರು. ಬೆನ್ನ ಹಿಂದೆ ಬಂದು ನಿಂತು ಪುಸ್ತಕದೊಳಗೆ ಇಣುಕುತ್ತಿದ್ದ ಮುಸ್ಕಾನ್ ಒಮ್ಮೆಲೇ ಹೇಳಿದಳು:

"ಅಕ್ಕಾರ, ಅದರಾಗ ಹಂಗ ಬರದಿಲ್ರಿ. ಮಸಳಿ ಅಳಾಕತ್ತಿತ್ತು ಅಂತ ಬರದೈತಿ. ನೀವು ನಗಾಕತ್ತಿತ್ತು ಅಂದ್ರಿ."

ನಗು ನಿಂತಿತು. ಮೂವತ್ತು ಜೊತೆ ಕಣ್ಣು ತನ್ನ ಮೇಲೆ ನೆಟ್ಟಿವೆ ಎಂಬುದು ಬಸವಣ್ಣೆವ್ವನಿಗೆ ಚೆನ್ನಾಗಿಯೇ ಕಾಣುತ್ತಿತ್ತು. ದೂರದ್ದೆಲ್ಲ ಕಾಣುತ್ತಿತ್ತು ಅವಳಿಗೆ. ಏನೋ ಒಂದು ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ಬಾಯಿ ತೆರೆದಳು ಕೂಡ. ಆದರೆ ಮಕ್ಕಳ ಮುಂದೆ ಪುಸ್ತಕ ಹಿಡಿದು ಸುಳ್ಳು ಹೇಳಲು ಅವಳಿಗೆ ಆಗಲಿಲ್ಲ.

"ಖರೇ ಐತಿ ಮುಸ್ಕಾನ್. ನನಗ ಅಕ್ಷರ ಕಾಣವಲ್ದು. ಒಂದು ವರ್ಷ ಆತು."

ಯಾವ ಮಗುವೂ ನಗಲಿಲ್ಲ. ಮುಸ್ಕಾನ್ ಅದರಲ್ಲಿ ಏನೂ ವಿಶೇಷವಿಲ್ಲ ಎಂಬಂತೆ, "ನಮ್ಮ ದಾದಿಗೂ ಕಾಣೂದಿಲ್ರಿ. ಅದಕ್ಕ ಆಕಿ ಪುಸ್ತಕ ಹಂಗ ವಾಪಸ್ ಕಳಸ್ತಾಳ" ಎಂದು ತನ್ನಜ್ಜಿಯ ಸುದ್ದಿ ಹೇಳಿದಳು.

"ನಮ್ಮ ಆಯಿಗೂ ಕಾಣೂದಿಲ್ಲ."

"ನಮ್ಮಪ್ಪ ಮೊಬೈಲ್ ಹಿಂಗ ದೂರ ಹಿಡೀತಾನ್ರಿ."

ಒಂದೊಂದೇ ಕೈ ಮೇಲೆದ್ದಿತು. ಬಸವಣ್ಣೆವ್ವ ಎಣಿಸಿದಳು: ಹದಿನಾಲ್ಕು. ಕಥೆ ತರದ ಮಕ್ಕಳೆಲ್ಲ ಅದರಲ್ಲಿದ್ದರು. ಉಮೇದಿಲ್ಲವೆಂದು ತಾನು ಅಂದುಕೊಂಡ ಮನೆಗಳಲ್ಲೆಲ್ಲ ತನ್ನಂತೆಯೇ ಬಾಯಿಬಿಡದೆ ಕೂತವರಿದ್ದಾರೆ ಎಂದು ಅವಳಿಗೆ ಆಗ ಹೊಳೆಯಿತು.

ಅಂದೇ ಮಧ್ಯಾಹ್ನದ ಬಸ್ಸಿಗೆ ರಾಣೆಬೆನ್ನೂರಿಗೆ ಹೋದಳು. ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ವಿಜಯಮಹಾಂತೇಶನ ಕನ್ನಡಕದ ಅಂಗಡಿ. ಕಣ್ಣು ತಪಾಸಿಸುವುದನ್ನು ಕಲಿತು ಬಂದ ಯುವಕ, ಮಾತು ಮೆತ್ತಗೆ.

"ಹಿಂಗಾಗಿ ಎಷ್ಟು ದಿನ ಆತ್ರಿ?"

"ವರ್ಷದ ಮ್ಯಾಲಾತ್ರಿ."

"ಮತ್ತ ಯಾಕ ಬರಲಿಲ್ರಿ?"

"ಅಂಜಿಕಿ ಬಂತ್ರಿ. ಏನು ಹೇಳ್ತೀರೋ ಏನೋ ಅಂತ."

ಅವನು ಒಂದೆರಡು ಗಾಜು ಬದಲಿಸಿ ಕೈಗೆ ಒಂದು ಹಾಳೆ ಕೊಟ್ಟ. ಬಸವಣ್ಣೆವ್ವ ಎಲ್ಲಕ್ಕಿಂತ ಕೆಳಗಿನ ಸಣ್ಣ ಸಾಲನ್ನು ಗಟ್ಟಿಯಾಗಿ ಓದಿದಳು. ಮತ್ತೊಮ್ಮೆ ಓದಿದಳು.

"ನಿಮಗ ಏನೂ ಆಗಿಲ್ಲ ಅಕ್ಕಾರ. ನಲವತ್ತು ದಾಟಿದ್ರ ಎಲ್ಲಾರಿಗೂ ಬರೂದ. ಒಂದು ಚಾಳೀಸು ಹಾಕ್ಕೊಂಡ್ರ ಮುಗೀತು."

ಓದಲಿಕ್ಕೆಂದು ಹಾಕುವ ಕನ್ನಡಕಕ್ಕೆ ಈ ಸೀಮೆಯ ಜನ ಚಾಳೀಸು ಎನ್ನುತ್ತಾರೆ. ಹೆಸರು ಅವಳಿಗೂ ಗೊತ್ತಿತ್ತು. ತನ್ನ ಕಷ್ಟಕ್ಕೆ ಇಷ್ಟೇ ಮದ್ದು ಎಂಬುದು ಗೊತ್ತಿರಲಿಲ್ಲ. ಏಳುವ ಮುನ್ನ ತಡೆದು ತಡೆದು ಕೇಳಿದಳು: "ನಮ್ಮವ್ವನ ಕಣ್ಣಾಗ ಬೆಳ್ಳಗ ಬಂದಿತ್ರಿ. ಪೂರಾ ಹೋದವು. ಅದು ಏನಿದ್ದೀತ್ರಿ?"

"ಮೋತಿಬಿಂದು ಇರಬೇಕ್ರಿ. ಪೊರಿ ಬರೂದು. ಲಗೂ ಆಪರೇಷನ್ ಮಾಡಿಸಿದ್ರ ಭಾಳ ಮಂದಿಗೆ ಮತ್ತ ಕಾಣಸ್ತೈತಿ."

ಅವ್ವ ಕಂಬಕ್ಕೆ ಒರಗಿ ಕಳೆದ ಆ ಹತ್ತು ವರ್ಷಗಳು ಬಸವಣ್ಣೆವ್ವನ ಕಣ್ಣ ಮುಂದೆ ಬಂದವು. ಯಾರೂ ಮೋಸ ಮಾಡಿರಲಿಲ್ಲ, ಯಾರೂ ಅಲಕ್ಷ್ಯ ಮಾಡಿರಲಿಲ್ಲ. ವೈದ್ಯರನ್ನು ಕೇಳಬೇಕೆಂಬುದು ಯಾರಿಗೂ ತಿಳಿದಿರಲಿಲ್ಲ, ಅಷ್ಟೇ. ಸೆರಗಿನಿಂದ ಹೊಸ ಗಾಜುಗಳನ್ನು ಒರೆಸಿಕೊಂಡು ಅವಳು ಹೇಳಿದಳು: "ತಮ್ಮಾ, ನಮ್ಮೂರಿಗೆ ಒಂದು ಐತವಾರ ಬರ್ತೀರೇನು? ನಮ್ಮ ಲೈಬ್ರರಿಗೆ?"

ಅವನು ಒಂದು ಭಾನುವಾರ ಬಂದ. ಗೋಡೆಗೆ ತೂಗುಹಾಕುವ ಅಕ್ಷರದ ಪಟ್ಟಿ, ಗಾಜುಗಳ ಪೆಟ್ಟಿಗೆ, ಅದರ ಜೊತೆಗೆ ಅಂಗಡಿಯಲ್ಲಿ ಮಾರಾಟವಾಗದೆ ಉಳಿದ ಹಳೆಯ ಮಾದರಿಯ ಚಾಳೀಸುಗಳ ಒಂದು ಡಬ್ಬಿ. ಅದನ್ನು ಬಸವಣ್ಣೆವ್ವ ಗ್ರಂಥಾಲಯಕ್ಕೆಂದು ಬಾಯಿಬಿಟ್ಟು ಕೇಳಿದ್ದಳು. ಶಿಬಿರದ ಮಕ್ಕಳು ತಂತಮ್ಮ ಮನೆಯ ಹಿರಿಯರನ್ನು ಕೈಹಿಡಿದು ಕರೆತಂದರು. ಗಂಡಸರು ಪೇಪರು ಓದುವ ಬೆಂಚಿನ ಮೇಲೆ ಆ ಐತವಾರ ಹೆಂಗಸರೇ ತುಂಬಿದರು.

ಮುಸ್ಕಾನ್‌ಳ ದಾದಿ ಕುಲ್ಸುಮಬಿ ಬಾಗಿಲಲ್ಲೇ ನಿಂತಳು. ಅರವತ್ತು ದಾಟಿದ ಗಟ್ಟಿ ಹೆಂಗಸು. ಐದನೆಯ ಇಯತ್ತೆವರೆಗೆ ಇದೇ ಊರಿನ ಕನ್ನಡ ಶಾಲೆಯಲ್ಲಿ ಓದಿದವಳು. ಹಳೆಯ ಸೀರೆಯ ತುಂಡುಗಳನ್ನು ಜೋಡಿಸಿ ಕೌದಿ ಹೊಲಿಯುವುದರಲ್ಲಿ ಅವಳ ಕೈಗೆ ಸಮನಿರಲಿಲ್ಲ. ಬಾಣಂತನಕ್ಕೆ ಬಂದ ಮಗಳಿಗೆ ಕುಲ್ಸುಮಬಿಯ ಕೌದಿಯೇ ಆಗಬೇಕು ಎನ್ನುವ ಮನೆಗಳಿದ್ದವು. ಆರು ವರ್ಷದಿಂದ ಅವಳು ಸೂಜಿ ಮುಟ್ಟಿರಲಿಲ್ಲ.

"ಓದೋ ವಯಸ್ಸು ಹೋತವ್ವಾ ನಂದು. ನನಗ ಯಾಕ ಬೇಕು ಇದು?"

"ಓದಬ್ಯಾಡ ಚಾಚಿ. ಬರೇ ಹಾಕ್ಕೊಂಡು ನೋಡು."

ವಿಜಯಮಹಾಂತೇಶ ಸರಿಯಾದ ಜೋಡಿ ಆರಿಸಿ ಮೂಗಿನ ಮೇಲೆ ಕೂರಿಸಿದ. ಕುಲ್ಸುಮಬಿ ಪಟ್ಟಿಯ ಕಡೆ ನೋಡಲೇ ಇಲ್ಲ. ತನ್ನ ಎರಡೂ ಅಂಗೈಗಳನ್ನು ಮುಖದ ಮುಂದೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು. ಆಮೇಲೆ ಪಕ್ಕದವಳ ಕುಪ್ಪಸಕ್ಕೆ ಸಿಕ್ಕಿಸಿದ್ದ ಸೂಜಿಯನ್ನು ತೆಗೆದುಕೊಂಡಳು. ಸೆರಗಿನ ಅಂಚಿನಿಂದ ಒಂದು ಎಳೆ ಕಿತ್ತು, ಒದ್ದೆ ಮಾಡಿ, ಒಂದೇ ಸಲಕ್ಕೆ ಪೋಣಿಸಿದಳು.

"ಯಾ ಅಲ್ಲಾ! ನನ್ನ ಕೈ ಬಿದ್ದುಹೋದವು ಅಂತ ತಿಳಕೊಂಡಿದ್ದೆ. ಕೈ ನೆಟ್ಟಗ ಅದಾವಲ್ಲ!"

ಡಬ್ಬಿಯಲ್ಲಿ ಬಳಸಬಹುದಾದ ಚಾಳೀಸು ಇದ್ದದ್ದು ಒಂಬತ್ತು, ಬೇಕಾದವರು ಅದಕ್ಕಿಂತ ಹೆಚ್ಚು. ಒಬ್ಬರಿಗೇ ಕೊಟ್ಟುಬಿಟ್ಟರೆ ಉಳಿದವರಿಗೆ ಇಲ್ಲ. ಬಸವಣ್ಣೆವ್ವ ಪುಸ್ತಕದಂತೆಯೇ ಪ್ರತಿಯೊಂದಕ್ಕೂ ನಂಬರಿನ ಚೀಟಿ ಕಟ್ಟಿದಳು. ಯಾವ ಜೋಡಿ ಯಾರ ಕಣ್ಣಿಗೆ ಒಗ್ಗುತ್ತದೆ ಎಂಬುದನ್ನು ವಿಜಯಮಹಾಂತೇಶನಿಂದ ಬರೆಸಿಕೊಂಡಳು. ಒಂದು ವಾರದ ಎರವಲು. ಇಷ್ಟರ ಮೇಲೆ ತನ್ನದೇ ಒಂದು ಕಟ್ಟಳೆ ಹಾಕಿದಳು: ಚಾಳೀಸು ಬೇಕಾದರೆ ಒಂದು ಪುಸ್ತಕವನ್ನೂ ಒಯ್ಯಬೇಕು.

"ಅಕ್ಕಿ ಆರಿಸಾಕ ಚಾಳೀಸು ಒಯ್ತೇನಿ, ಪುಸ್ತಕ ಯಾಕ ಬೇ?" ಎಂದು ಜಗಳಕ್ಕೆ ನಿಂತವಳು ಓಣಿಯ ತುದಿಯ ಪ್ರೇಮವ್ವ.

"ಇದು ಲೈಬ್ರರಿ ಐತಿ ಪ್ರೇಮಕ್ಕ. ಅಕ್ಕಿ ಆರಿಸು, ಬ್ಯಾಡ ಅಂದವರ್‍ಯಾರು? ಪುಸ್ತಕ ಮಗ್ಗಲಕ ಇಟ್ಟುಕೋ. ತಗದರ ತಗಿ, ಬಿಟ್ಟರ ಬಿಡು."

ಪ್ರೇಮವ್ವ ಗೊಣಗುತ್ತ ಕೈಗೆ ಸಿಕ್ಕಿದ್ದನ್ನು ಒಯ್ದಳು. ಮುಂದಿನ ವಾರ ಚಾಳೀಸು ತಿರುಗಿ ಬಂತು, ಪುಸ್ತಕ ಬರಲಿಲ್ಲ. "ಇನ್ನೂ ಹತ್ತು ಹಾಳಿ ಉಳದಾವ. ಕತಿಯಾಗಿನ ಆ ಹುಡುಗಿ ಮನಿಗೆ ತಿರಗಿ ಬರ್ತಾಳೋ ಇಲ್ಲೋ ನೋಡಬೇಕು" ಎಂದು ಆ ಚಾಳೀಸನ್ನೇ ಮತ್ತೆ ಕೇಳಿದಳು.

ತಪಾಸಣೆ ನಡೆದ ಆ ಐತವಾರವೇ ಮೈಲಪ್ಪನೆಂಬ ಎಪ್ಪತ್ತರ ಮುದುಕನೂ ಬಂದಿದ್ದ. ಯಾವ ಗಾಜು ಇಟ್ಟರೂ ಅವನಿಗೆ ಏನೂ ಕಾಣಲಿಲ್ಲ. ವಿಜಯಮಹಾಂತೇಶ ಬ್ಯಾಟರಿ ಹಾಕಿ ನೋಡಿ, ಬಸವಣ್ಣೆವ್ವನನ್ನು ಪಕ್ಕಕ್ಕೆ ಕರೆದು, "ಇವರದು ಚಾಳೀಸಿನ ಕಣ್ಣಲ್ರಿ. ಮೋತಿಬಿಂದು. ದವಾಖಾನಿಗೆ ತೋರಿಸಬೇಕು, ತಡ ಮಾಡಬಾರದು" ಎಂದ. ಮೈಲಪ್ಪನ ಮಕ್ಕಳಿಗೆ ಹೊಲದ ಕೆಲಸದ ಗಡಿಬಿಡಿ. ಮಳೆಗಾಲ ಮುಗಿಯಲಿ ಎಂದರು. ಬಸವಣ್ಣೆವ್ವ ಅಲ್ಲಿಯವರೆಗೆ ಕಾಯಲಿಲ್ಲ. ಶಿಬಿರದ ಮಕ್ಕಳನ್ನು ಎರಡು ದಿನ ಕುಲ್ಸುಮಬಿಯ ಸುಪರ್ದಿಗೆ ಬಿಟ್ಟು, ತಾನೇ ಮೈಲಪ್ಪನ ಕೈಹಿಡಿದು ಹಾವೇರಿಯ ದವಾಖಾನೆಗೆ ಕರೆದೊಯ್ದಳು. ಆಪರೇಷನ್ ಆಗುವವರೆಗೆ ಹೊರಗಿನ ಬೆಂಚಿನ ಮೇಲೆ ಕೂತಳು. ಮರುದಿನ ಪಟ್ಟಿ ಬಿಚ್ಚಿದಾಗ ಮೈಲಪ್ಪ ಅವಳ ಮುಖವನ್ನೇ ದಿಟ್ಟಿಸಿ, "ಏ ಯವ್ವಾ, ನೀನು ಇಷ್ಟು ವಯಸ್ಸಾದಾಕಿ ಏನು? ನಾಗಪ್ಪನ ಹೊಸಾ ಹೇಣ್ತಿ ಅಂತ ನೆನಪಿತ್ತು ನನಗ" ಎಂದ. ಅವಳು ನಕ್ಕಳು. ನಗುತ್ತ ನಗುತ್ತಲೇ ಗೋಡೆಯ ಕಡೆ ಮುಖ ತಿರುಗಿಸಿ ಕಣ್ಣೊರೆಸಿಕೊಂಡಳು.

ಆ ಎರಡು ದಿನ ಕುಲ್ಸುಮಬಿ ಮಕ್ಕಳಿಗೆ ಕೌದಿ ಹೊಲಿಯುವುದನ್ನು ಕಲಿಸತೊಡಗಿದ್ದಳು. ಬಸವಣ್ಣೆವ್ವ ತಿರುಗಿ ಬಂದಾಗ ಮೂವತ್ತೂ ಮಕ್ಕಳು, ಗಂಡುಹುಡುಗರೂ ಸೇರಿ, ನೆಲದ ಮೇಲೆ ಒಂದೇ ದೊಡ್ಡ ಬಟ್ಟೆಯ ಸುತ್ತ ಕೂತಿದ್ದರು. ಚಿತ್ರ ಬರೆಯುವ ಪಾಠ ಎರಡು ದಿನದಿಂದ ನಿಂತಿದ್ದಕ್ಕೆ ಒಬ್ಬರೂ ತಕರಾರು ಹೇಳಲಿಲ್ಲ.

ಮೇ ಕೊನೆಯ ವಾರ ಮೇಲಿನಿಂದ ಒಬ್ಬ ಅಧಿಕಾರಿ ತಪಾಸಣೆಗೆ ಬಂದರು. ಎರವಲು ರಿಜಿಸ್ಟರ್ ತಿರುವುತ್ತ ಒಂದು ಕಡೆ ಬೆರಳಿಟ್ಟು ನಿಂತರು.

"ಇದೇನಮ್ಮ, ಕನ್ನಡಕ ನಂಬರ್ ಆರು? ಗ್ರಂಥಾಲಯದಲ್ಲಿ ಕನ್ನಡಕ ಎರವಲು ಕೊಡಬೇಕು ಅಂತ ಯಾವ ನಿಯಮದಲ್ಲಿದೆ?"

ಬಸವಣ್ಣೆವ್ವ ನೆಟ್ಟಗೆ ನಿಂತೇ ಹೇಳಿದಳು: "ನಿಯಮದಾಗ ಇಲ್ರಿ ಸರ್. ಇಷ್ಟು ಪುಸ್ತಕ ಓದಾಕ ಕೊಟ್ಟೇನಿ ಅಂತ ಪ್ರತಿ ತಿಂಗಳ ವರದಿ ಬರೀತೇನ್ರಿ. ಕಾಣಲಾರದವರ ಕೈಯಾಗ ಪುಸ್ತಕ ಇಟ್ರ ಆ ವರದಿ ಖರೇ ಆಗೂದಿಲ್ರಿ. ಅದಕ್ಕ ಇದನ್ನೂ ಕೊಟ್ಟೇನಿ."

ಅಧಿಕಾರಿ ಹಿಂದಿನ ಪುಟಗಳಿಗೆ ಹೋದರು, ಮುಂದಿನ ಪುಟಗಳಿಗೆ ಬಂದರು. ಏಪ್ರಿಲ್‌ಗಿಂತ ಮೇ ತಿಂಗಳ ಹೆಸರುಗಳು ಇಮ್ಮಡಿಗಿಂತ ಹೆಚ್ಚಿದ್ದವು, ಹೆಚ್ಚಿನವು ಹೆಂಗಸರವು. ಶಹಬ್ಬಾಸ್ ಎನ್ನಲಿಲ್ಲ, ಗದರಲೂ ಇಲ್ಲ. "ಕನ್ನಡಕಕ್ಕೆ ಬೇರೆ ರಿಜಿಸ್ಟರ್ ಇಡಿ, ಇದರಲ್ಲಿ ಕಲೆಸಬೇಡಿ" ಎಂದಷ್ಟೇ ಹೇಳಿ ಜೀಪು ಹತ್ತಿದರು. ಬಸವಣ್ಣೆವ್ವ ಅದನ್ನೇ ಅಪ್ಪಣೆ ಎಂದು ತಿಳಿದು ಆ ಸಂಜೆಯೇ ಹೊಸ ರಿಜಿಸ್ಟರಿಗೆ ಗೆರೆ ಹಾಕಿದಳು.

ಶಾಲೆ ಶುರುವಾಗಿ ಮಕ್ಕಳ ಶಿಬಿರ ಮುಗಿಯಿತು. ಮುಂದಿನ ಗುರುವಾರ ಮಧ್ಯಾಹ್ನ ಮೂರು ಗಂಟೆಗೆ ಗ್ರಂಥಾಲಯದ ಮುಂದೆ ಏಳೆಂಟು ಜೊತೆ ಚಪ್ಪಲಿ ಬಿಟ್ಟಿದ್ದವು. ಕುಲ್ಸುಮಬಿ, ಪ್ರೇಮವ್ವ, ಇನ್ನಷ್ಟು ಹೆಂಗಸರು ಚೀಲದಲ್ಲಿ ಬಟ್ಟೆಯ ತುಂಡು ಹಿಡಿದು ಒಳಗೆ ಕೂತಿದ್ದರು.

"ಶಿಬಿರ ಮುಗೀತಲ್ಲ ಚಾಚಿ" ಎಂದಳು ಬಸವಣ್ಣೆವ್ವ.

"ಹುಡುಗರದು ಮುಗೀತವ್ವಾ. ನಮ್ಮದು ಎಲ್ಲಿ ಮುಗೀತು?"

ಈಗ ಪ್ರತಿ ಗುರುವಾರವೂ ಹೆಂಗಸರು ಕೂಡುತ್ತಾರೆ. ನಾಲ್ಕು ಜನ ಹೊಲಿಯುವಾಗ ಒಬ್ಬಳು ಓದುತ್ತಾಳೆ; ಓದುವವಳ ದನಿ ಬಿದ್ದರೆ ಪುಸ್ತಕ ಪಕ್ಕದವಳಿಗೆ, ಸೂಜಿ ಇವಳಿಗೆ. ಕುಲ್ಸುಮಬಿ ಅಕ್ಷರ ಕೂಡಿಸಿ ಕೂಡಿಸಿ ಓದುತ್ತಾಳೆ, ನಡುನಡುವೆ ನಿಂತು ಕಥೆಯೊಳಗಿನ ಅತ್ತೆಯನ್ನು ಬೈಯುತ್ತಾಳೆ. ಗುತ್ತಲದ ಕಡೆಯ ಇಬ್ಬರು ಗ್ರಂಥಪಾಲಕಿಯರು ಒಮ್ಮೆ ಬಸ್ಸು ಹಿಡಿದು ಬಂದು, ಇಡೀ ಮಧ್ಯಾಹ್ನ ಕೂತು ನೋಡಿ, ವಿಜಯಮಹಾಂತೇಶನ ಫೋನ್ ನಂಬರ್ ಬರೆದುಕೊಂಡು ಹೋದರು.